ಪ್ರ: ವಯಸ್ಸು 38, ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಫೇಲ್. ಉಚಿತ ಹೊಲಿಗೆ ತರಬೇತಿಗೆ ಹೋದರೆ ವಯಸ್ಸು ಮೀರಿದೆ ಅಂದರು. ಬೇರೆ ದಾರಿ ಇದೆಯಾ? ಹತ್ತನೇ ತರಗತಿ ಮುಗಿಸುವ ಆಸೆಯೂ ಇದೆ.
ನೀವು ಹೋಗಿದ್ದು ಬಹುಶಃ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆಯ ಕೇಂದ್ರಕ್ಕೆ. ಅಲ್ಲಿ ವಯಸ್ಸಿನ ಮಿತಿ 18ರಿಂದ 35. ಆ ಮಿತಿ ಆ ಯೋಜನೆಗೆ ಮಾತ್ರ. ಎಲ್ಲಾ ಬಾಗಿಲೂ ಮುಚ್ಚಿತು ಅಂದುಕೊಳ್ಳಬೇಡಿ.

ಮೊದಲು ನಿಮ್ಮ ಜಿಲ್ಲೆಯ ಆರ್‌ಸೆಟಿ ಅಥವಾ ರುಡ್‌ಸೆಟ್ ಸಂಸ್ಥೆಗೆ ಹೋಗಿ, ಇವು ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುವ ಕೇಂದ್ರಗಳು. 1982ರಲ್ಲಿ ಉಜಿರೆಯಲ್ಲಿ ಶುರುವಾದ ಮಾದರಿ ಇದು, ಈಗ ಬ್ಯಾಂಕುಗಳು ನಡೆಸುತ್ತವೆ. ನಿಮ್ಮ ವಯಸ್ಸಿನವರನ್ನೂ ಸೇರಿಸಿಕೊಳ್ಳುತ್ತಾರೆ. ಊಟ, ವಸತಿ, ತರಬೇತಿ ಎಲ್ಲಾ ಉಚಿತ. ಹೊಲಿಗೆ ಕೋರ್ಸ್ ಸುಮಾರು ಒಂದು ತಿಂಗಳು. ಹಳ್ಳಿಯವರಿಗೆ, ಬಿಪಿಎಲ್ ಕುಟುಂಬದವರಿಗೆ ಆದ್ಯತೆ ಜಾಸ್ತಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಫೋಟೋ ಜೊತೆಗಿರಲಿ. ಮುಂದಿನ ಬ್ಯಾಚ್ ಯಾವಾಗ ಅಂತ ಫೋನ್‌ನಲ್ಲೇ ಕೇಳಿ, ಸುಮ್ನೆ ಬಸ್ ಚಾರ್ಜ್ ಯಾಕೆ? ಕೋರ್ಸ್ ಮುಗಿದ ಮೇಲೂ ಎರಡು ವರ್ಷ ಸಾಲ, ಅಂಗಡಿ ವಿಷಯದಲ್ಲಿ ಜೊತೆಗಿರುತ್ತಾರೆ. ನನ್ನ ಪ್ರಕಾರ ಇದೇ ದೊಡ್ಡ ಲಾಭ.

ಸ್ವಂತ ಅಂಗಡಿಗಿಂತ ಗಾರ್ಮೆಂಟ್ಸ್ ಕೆಲಸಕ್ಕೆ ಸರ್ಟಿಫಿಕೇಟ್ ಬೇಕಿದ್ದರೆ ಐಟಿಐ ನೋಡಿ. ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಹೊಲಿಗೆ ತಂತ್ರಜ್ಞಾನದ ಒಂದು ವರ್ಷದ ಕೋರ್ಸಿಗೆ 8ನೇ ತರಗತಿ ಪಾಸಾಗಿದ್ದರೆ ಸಾಕು. ಆ ಅಂಕಪಟ್ಟಿ ಕಳೆದಿದ್ದರೆ ಓದಿದ ಶಾಲೆಯಲ್ಲೇ ಅರ್ಜಿ ಕೊಡಿ.

ಹತ್ತನೇ ತರಗತಿ ಮುಗಿಸುವ ಆಸೆಯೂ ಇದೆ ಅಂದಿದ್ದಿರಿ ಅಲ್ವಾ? ಎನ್‌ಐಒಎಸ್‌ನಲ್ಲಿ, ಅಂದರೆ ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆಯಲ್ಲಿ, ಗಣಿತ ಕಡ್ಡಾಯವಲ್ಲ. ಒಂದು ಭಾಷೆ ಸೇರಿ ಐದು ವಿಷಯ ನೀವೇ ಆರಿಸಿಕೊಳ್ಳಬಹುದು. ಪರೀಕ್ಷೆ ವರ್ಷಕ್ಕೆ ಎರಡು ಸಲ. ಅರ್ಜಿ ತುಂಬುವ ಮುಂಚೆ ಹತ್ತಿರದ ಅಧ್ಯಯನ ಕೇಂದ್ರದಲ್ಲಿ ಮಾಧ್ಯಮ ಯಾವುದು ಅಂತ ಕೇಳಿಕೊಳ್ಳಿ.