ಕಾಸ್‌ಪ್ಲೇ ಛಾಯಾಗ್ರಹಣ: ದರ, ಸ್ಥಳ, ಹಕ್ಕು

ಪ್ರಶ್ನೆ: ಮಂಡ್ಯದಲ್ಲಿ ಚಿಕ್ಕದೊಂದು ಸ್ಟುಡಿಯೊ ಇಟ್ಟುಕೊಂಡು ಮದುವೆ, ನಾಮಕರಣಗಳ ಫೋಟೊ ತೆಗೆಯುತ್ತಿದ್ದೇನೆ. ಈಚೆಗೆ ಕಾಲೇಜು ಹುಡುಗ ಹುಡುಗಿಯರು ಜಪಾನಿನ ಅನಿಮೆ (ಕಾರ್ಟೂನ್ ಚಿತ್ರ), ವಿಡಿಯೊ ಗೇಮ್‌ಗಳ ಪಾತ್ರಗಳಂತೆ ವೇಷ ಧರಿಸಿ ಕಾಸ್‌ಪ್ಲೇ ಫೋಟೊ ತೆಗೆಸಿಕೊಳ್ಳಲು ಬರುತ್ತಿದ್ದಾರೆ. ಒಂದು ಫೋಟೊಗೆ ಇಷ್ಟು ಎಂದರೆ ನನಗೆ ಗಿಟ್ಟುವುದಿಲ್ಲ, ಹೆಚ್ಚು ಕೇಳಿದರೆ ಅವರಿಗೆ ಭಾರ. ಇದನ್ನು ವ್ಯವಹಾರವಾಗಿ ನಡೆಸಬಹುದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಖಂಡಿತ ನಡೆಸಬಹುದು. ಆದರೆ ಮದುವೆ ಕೆಲಸವನ್ನು ಬಿಟ್ಟು ಇದನ್ನೇ ನೆಚ್ಚಿಕೊಳ್ಳಬೇಡಿ. ಕಾಮಿಕ್ಸ್, ಗೇಮ್‌ಗಳ ಅಭಿಮಾನಿಗಳು ಸೇರುವ ಬೆಂಗಳೂರಿನ ಕಾಮಿಕ್ ಕಾನ್‌ನಂತಹ ಮೇಳಗಳ ಆಸುಪಾಸಿನಲ್ಲಿ ಕೆಲಸ ಒಮ್ಮೆಲೇ ಬರುತ್ತದೆ, ಉಳಿದ ತಿಂಗಳುಗಳಲ್ಲಿ ತೆಳುವಾಗುತ್ತದೆ.

ನಮ್ಮ ಮಂಡ್ಯ ಸೀಮೆಗೆ ವೇಷ ಹೊಸದಲ್ಲ. ಕುರುಕ್ಷೇತ್ರ ನಾಟಕ ಆಡುವ ಊರಿನವರು ಕಿರೀಟ, ಭುಜಕೀರ್ತಿ, ಗದೆಗಳನ್ನು ಡ್ರಾಮಾ ಸೀನರಿಯವರಿಂದ ಬಾಡಿಗೆಗೆ ತರುತ್ತಾರೆ. ಕಾಸ್‌ಪ್ಲೇ ಮಾಡುವ ಅನೇಕರು ಫೋಮ್ ಶೀಟ್ ಕತ್ತರಿಸಿ, ಕಾಯಿಸಿ ಬಗ್ಗಿಸಿ, ಬಣ್ಣ ಹಚ್ಚಿ ಕವಚವನ್ನು ತಾವೇ ಕಟ್ಟಿಕೊಂಡಿರುತ್ತಾರೆ. ಆ ಕೈಕೆಲಸ ಚಿತ್ರದಲ್ಲಿ ಎದ್ದು ಕಾಣಬೇಕೆಂಬುದು ಅವರ ಆಸೆ. ನಿಮ್ಮ ಶ್ರಮವೂ ಅಲ್ಲಿಯೇ ಹೆಚ್ಚು. ಸಿಂಥೆಟಿಕ್ ವಿಗ್ ನೇರ ಫ್ಲ್ಯಾಶ್‌ಗೆ ಪ್ಲಾಸ್ಟಿಕ್‌ನಂತೆ ಹೊಳೆಯುವುದರಿಂದ ಬೆಳಕನ್ನು ಸಾಫ್ಟ್‌ಬಾಕ್ಸ್‌ನಲ್ಲಿ (ಬೆಳಕನ್ನು ಮೆದುವಾಗಿಸುವ ಬಟ್ಟೆಯ ಪೆಟ್ಟಿಗೆ) ಹಾಯಿಸಿ ಪಕ್ಕದಿಂದ ಕೊಡಬೇಕು. ಹಣೆಯ ಅಂಚಿನಲ್ಲಿ ವಿಗ್ಗಿನ ಬಲೆ ಇಣುಕುತ್ತಿದೆಯೇ, ತೋಳಿನ ಪಟ್ಟಿ ಜಾರಿದೆಯೇ, ಫೋಮಿನ ಬೆಸುಗೆ ಬಿಟ್ಟುಕೊಂಡಿದೆಯೇ ಎಂದು ಪ್ರತಿ ಭಂಗಿಗೂ ನೋಡಬೇಕು. ಆಗ ಸರಿಪಡಿಸದೆ ಬಿಟ್ಟದ್ದನ್ನು ರಾತ್ರಿ ಕಂಪ್ಯೂಟರಿನ ಮುಂದೆ ಕುಳಿತು ಒಂದೊಂದೇ ಕೂದಲೆಳೆಯಂತೆ ತಿದ್ದಬೇಕಾಗುತ್ತದೆ, ಆ ದುಡಿಮೆಗೆ ಯಾರೂ ಹಣ ಕೊಡುವುದಿಲ್ಲ.

ಆದ್ದರಿಂದ ಫೋಟೊ ಲೆಕ್ಕವನ್ನು ಕೈಬಿಟ್ಟು ಸಮಯದ ಲೆಕ್ಕಕ್ಕೆ ಬನ್ನಿ. ಎರಡು ಗಂಟೆಯ ಚಿತ್ರೀಕರಣ, ಪೂರ್ತಿ ತಿದ್ದಿದ 10 ಚಿತ್ರಗಳು, ಅದಕ್ಕಿಂತ ಹೆಚ್ಚು ಬೇಕಾದರೆ ಒಂದೊಂದಕ್ಕೂ ಪ್ರತ್ಯೇಕ ದರ, ಹೀಗೆ ಮೊದಲೇ ಹೇಳಿ, ಅರ್ಧ ಹಣವನ್ನು ಅಡ್ವಾನ್ಸ್ ಪಡೆಯಿರಿ. ಆಯ್ಕೆ ಮತ್ತು ಎಡಿಟಿಂಗ್‌ಗೆ ತಗಲುವ ಗಂಟೆಗಳು, ಪೆಟ್ರೋಲು, ಸಹಾಯಕರ ಕೂಲಿ ಎಲ್ಲವನ್ನೂ ಕೂಡಿಸಿಯೇ ಮೊತ್ತ ನಿಗದಿ ಮಾಡಿ. ವಿದ್ಯಾರ್ಥಿಗಳ ಕೈ ಬಿಗಿಯಾಗಿದ್ದರೆ ದರ ಇಳಿಸಬೇಡಿ. ಮೂವರು ಗೆಳೆಯರು ಒಂದೇ ದಿನ, ಒಂದೇ ಜಾಗಕ್ಕೆ ಬಂದು ಖರ್ಚನ್ನು ಹಂಚಿಕೊಳ್ಳಲಿ.

ಸ್ಥಳದ ವಿಷಯದಲ್ಲಿ ಎಚ್ಚರವಿರಲಿ. ಶ್ರೀರಂಗಪಟ್ಟಣದ ದರಿಯಾ ದೌಲತ್ ಮತ್ತು ಗುಂಬಜ್ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಟ್ರೈಪಾಡ್, ಲೈಟ್ ಸ್ಟ್ಯಾಂಡ್‌ಗಳೊಂದಿಗೆ ವ್ಯಾಪಾರಿ ಉದ್ದೇಶಕ್ಕೆ ಚಿತ್ರ ತೆಗೆಯಲು ಪೂರ್ವಾನುಮತಿ ಬೇಕು. ಮೈಸೂರಿನ ಕುಕ್ಕರಹಳ್ಳಿ ಕೆರೆ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು, ಅಲ್ಲಿಯೂ ಕೇಳಿಯೇ ಹೋಗಿ. ಮೇಲುಕೋಟೆಯಂತಹ ಯಾತ್ರಾಸ್ಥಳದಲ್ಲಿ ದೇವಸ್ಥಾನಕ್ಕೆ ಬರುವ ಭಕ್ತರಿಗೆ ಇರುಸುಮುರುಸಾಗುವ ವೇಷವನ್ನು ನಾನಾದರೆ ಒಪ್ಪುವುದಿಲ್ಲ. ಪರಿಚಿತರ ತೆಂಗಿನ ತೋಟ, ಹಳೆಯ ಆಲೆಮನೆಯ ಗೋಡೆ, ಇಷ್ಟಿದ್ದರೂ ಸಾಕಷ್ಟು ಕೆಲಸವಾಗುತ್ತದೆ. ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಮಾತ್ರ ಇರಲೇಬೇಕು. ವೇಷವನ್ನಾಗಲಿ, ಧರಿಸಿದವರನ್ನಾಗಲಿ ಕೇಳದೆ ಮುಟ್ಟಿ ಸರಿಪಡಿಸಬಾರದು. 18 ವರ್ಷ ತುಂಬದವರು ಬಂದರೆ ತಂದೆತಾಯಿಯರ ಲಿಖಿತ ಒಪ್ಪಿಗೆ ಪಡೆದು, ಅವರಲ್ಲೊಬ್ಬರನ್ನು ಜೊತೆಗಿರಲು ಹೇಳಿ.

ಪ್ರಶ್ನೆ: ನಾನು ತೆಗೆದ ಕಾಸ್‌ಪ್ಲೇ ಚಿತ್ರಗಳನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದಾಗ ಚಿತ್ರದಲ್ಲಿದ್ದವರು ಆಕ್ಷೇಪಿಸಿದರು. ತೆಗೆದವನು ನಾನಲ್ಲವೇ? ಪ್ರಿಂಟ್ ಮಾಡಿ ಮಾರಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಹಣ ಕೊಟ್ಟು ತೆಗೆಸಿಕೊಂಡವರು ಅವರೇ ಆಗಿದ್ದರೆ ಕಾನೂನು ಅವರ ಕಡೆಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಪ್ರತಿಫಲ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ತೆಗೆಸಿಕೊಂಡವರೇ. ‘ಬೇರೆ ಒಪ್ಪಂದ ಇಲ್ಲದಿದ್ದಲ್ಲಿ’ ಎಂಬುದೇ ನಿಮಗಿರುವ ದಾರಿ: ಅಡ್ವಾನ್ಸ್ ಪಡೆಯುವ ದಿನವೇ, ಯಾವ ಚಿತ್ರಗಳನ್ನು ನೀವು ಜಾಲತಾಣದಲ್ಲಿ ಹಾಕಬಹುದು, ಯಾವುವನ್ನು ಹಾಕಬಾರದು, ಹಕ್ಕು ಯಾರದು ಎಂಬುದನ್ನು ಕನ್ನಡದಲ್ಲಿ ಒಂದು ಪುಟ ಬರೆದು ಇಬ್ಬರೂ ಸಹಿ ಹಾಕಿ. ಈಗ ಆಕ್ಷೇಪ ಬಂದಿರುವ ಚಿತ್ರಗಳನ್ನು ವಾದ ಬೆಳೆಸದೆ ತೆಗೆದುಬಿಡಿ.

ಪ್ರಿಂಟ್ ಮಾರಾಟದ ಮಾತು ಬೇರೆ. ಪಾತ್ರದ ಹಕ್ಕು ಅದನ್ನು ಸೃಷ್ಟಿಸಿದ ಸಂಸ್ಥೆಯ ಬಳಿಯೇ ಇರುವುದರಿಂದ, ವೇಷಧಾರಿಯ ಒಪ್ಪಿಗೆಯಷ್ಟರಿಂದಲೇ ಆ ಪಾತ್ರದ ಹೆಸರಿನಲ್ಲಿ ಪೋಸ್ಟರ್, ಕ್ಯಾಲೆಂಡರ್ ಮಾರುವುದು ತಕರಾರಿಗೆ ದಾರಿ ಮಾಡಿಕೊಡುತ್ತದೆ. ನಿಮ್ಮ ದುಡಿಮೆಗೆ ಬೆಲೆ ಪಡೆಯಿರಿ, ಪಾತ್ರವನ್ನು ಮಾರಾಟಕ್ಕಿಡಬೇಡಿ ಎಂಬುದೇ ನನ್ನ ಸಲಹೆ.