ಎರಡೇ ನಿಮಿಷ ಅಂತ ನಿಲ್ಲಿಸಿದ ಕಾರುಗಳು

ಕೆಟ್ಟದಾಗಿ ಗಾಡಿ ನಿಲ್ಲಿಸಿದವರ, ವಿಚಿತ್ರವಾಗಿ ಓಡಿಸುವವರ ತಮಾಷೆಯ ಕಥೆ ನಿಮ್ಮೂರಲ್ಲೂ ಇವೆಯಾ ಅಂತ ಕೇಳಿದ್ದೀರಿ. ನಮ್ಮದು ಶಿವಮೊಗ್ಗ. ನೆಂಟರೆಲ್ಲ ತೀರ್ಥಹಳ್ಳಿ, ಹೊಸನಗರದ ಕಡೆ. ಹಾಗಾಗಿ ಪೇಟೆಯ ಕಥೆಗಿಂತ ಘಟ್ಟದ, ಹಳ್ಳಿಯ ಕಥೆಗಳೇ ನನ್ನ ಹತ್ತಿರ ಜಾಸ್ತಿ.

ಪೇಟೆಯದು ಒಂದು ಹೇಳಿಬಿಡುತ್ತೇನೆ. ಗಾಂಧಿ ಬಜಾರ್‌ನಲ್ಲಿ ಹಬ್ಬದ ಹಿಂದಿನ ದಿನ ಸ್ಕೂಟರ್‌ಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಒಬ್ಬರು ಹೂವು ಹಣ್ಣು ಹಿಡಿದುಕೊಂಡು ಬಂದರು. ಅಡ್ಡ ಇದ್ದ ಐದು ಸ್ಕೂಟರ್ ಎತ್ತಿ ಎತ್ತಿ ಪಕ್ಕಕ್ಕಿಟ್ಟರು. ನಾನೂ ಕೈ ಹಾಕಿದೆ. ಕೊನೆಗೆ ತಮ್ಮ ಗಾಡಿಗೆ ಕೀ ಹಾಕಿದರೆ ತಿರುಗಲೇ ಇಲ್ಲ. ಅವರ ಸ್ಕೂಟರ್ ಅದೇ ಬಣ್ಣದ್ದು, ಅಲ್ಲೇ ಎರಡು ಅಂಗಡಿ ಆಚೆ ಆರಾಮಾಗಿ ನಿಂತಿತ್ತು. ಮತ್ತೆ ಐದನ್ನೂ ವಾಪಸ್ ಎತ್ತಿಟ್ಟೇ ಹೋದರು. ಅದು ನನಗೆ ತುಂಬಾ ಹಿಡಿಸಿತು.

ಈಗ ಮದುವೆಯ ಕಥೆ. ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಮನೆಯ ಅಂಗಳದಲ್ಲೇ ಚಪ್ಪರ. ನಮ್ಮ ಕಡೆಯ ಮನೆ ದಾರಿ ಹೇಗಿರುತ್ತದೆ ಅಂತ ಗೊತ್ತಲ್ವಾ? ಒಂದು ಕಡೆ ಧರೆ ಅಂದರೆ ಕಡಿದಾದ ಮಣ್ಣಿನ ದಿಬ್ಬ, ಇನ್ನೊಂದು ಕಡೆ ತೋಟದ ಇಳಿಜಾರು, ನಡುವೆ ಒಂದೇ ಕಾರು ಹೋಗುವಷ್ಟು ಮಣ್ಣಿನ ರಸ್ತೆ. ಮೊದಲು ಬಂದವರು ಒಳಗೆ, ಕೊನೆಗೆ ಬಂದವರು ಉಣುಗೋಲಿನ, ಅಂದರೆ ಗಳು ಅಡ್ಡ ಹಾಕುವ ಗೇಟಿನ ಹತ್ತಿರ. ಅಂದು ಕೊನೆಗೆ ಬಂದ ಬಿಳಿ ಸ್ವಿಫ್ಟ್ ಸರಿಯಾಗಿ ಉಣುಗೋಲಿಗೇ ಅಡ್ಡ ನಿಂತಿತ್ತು. ಪುರೋಹಿತರಿಗೆ ಕೊಪ್ಪದಲ್ಲಿ ಇನ್ನೊಂದು ಕೆಲಸ ಇತ್ತು. ಅವರ ಕಾರು ಒಳಗೆ ಸಿಕ್ಕಿಹಾಕಿಕೊಂಡಿತು.

ಊಟದ ಪಂಕ್ತಿ ಕೂತಿತ್ತು. ಮೈಕ್‌ನಲ್ಲಿ ಕಾರಿನ ನಂಬರ್ ಕೂಗಿದರು. ಯಾರೂ ಏಳಲಿಲ್ಲ. ಇನ್ನೊಮ್ಮೆ ಕೂಗಿದರು. ನನ್ನ ಪಕ್ಕದಲ್ಲಿ ಕೂತವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಎಂಥ ಜನ ಮಾರಾಯ್ರೆ, ಗಾಡಿ ನಿಲ್ಲಿಸುವಾಗ ಹಿಂದೆ ಮುಂದೆ ನೋಡುವುದು ಬೇಡ್ವಾ?" ಅಂದರು. ಹೌದು ಅಂದೆ. ಮೂರನೇ ಸಲ ಬಣ್ಣ ಹೇಳಿದರು. ಬಿಳಿ ಕಾರು ಹತ್ತಾರು ಇದ್ದವು. ಪಕ್ಕದವರು ಈಗ ಸ್ವಲ್ಪ ಗಟ್ಟಿಯಾಗಿಯೇ ಬೈದರು. ನಾಲ್ಕನೇ ಸಲ ಮೈಕ್ ಹಿಡಿದ ಹುಡುಗ, "ಹಿಂದಿನ ಗಾಜಿನ ಹತ್ತಿರ ತಲೆ ಆಡಿಸುವ ನಾಯಿ ಗೊಂಬೆ ಇದೆ" ಅಂದ.

ಅವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಅಯ್ಯೋ, ಅದು ನಮ್ಮ ಭಾವನ ಕಾರು. ನಾನೇ ತಂದದ್ದು!"

ಪಾಪ, ಬೇಕಂತ ಸುಮ್ನೆ ಕೂತವರಲ್ಲ. ಭಾವನ ಕಾರಿನ ನಂಬರ್ ಅವರಿಗೆ ಗೊತ್ತೇ ಇರಲಿಲ್ಲ. ಎಲೆ ಬಿಟ್ಟು ನಡುವೆ ಏಳಲು ಹೊರಟರು. ಮನೆಯ ಹಿರಿಯರು ಓಡಿ ಬಂದು ಹೆಗಲು ಒತ್ತಿ ಕೂರಿಸಿದರು. "ಊಟದ ಮಧ್ಯೆ ಏಳಬೇಡಿ, ಕೀ ಕೊಡಿ ಸಾಕು." ಕೀ ಎಲ್ಲಿ? ಅವರು ಉಟ್ಟಿದ್ದು ಪಂಚೆ. ಕೀ ಹೆಂಡತಿಯ ಬ್ಯಾಗಿನಲ್ಲಿ. ಹೆಂಡತಿ ಆಚೆ ಪಂಕ್ತಿಯಲ್ಲಿ, ಬ್ಯಾಗು ಉಪ್ಪರಿಗೆಯ ಮೇಲೆ. ಮೂರು ಹುಡುಗರು ಮೂರು ದಿಕ್ಕಿಗೆ ಓಡಿದರು. ಪಾಯಸ ಬರುವಷ್ಟರಲ್ಲಿ ದಾರಿ ಬಿಟ್ಟಿತು. ಪುರೋಹಿತರು ಕೊಪ್ಪಕ್ಕೆ ಸರಿಯಾದ ಹೊತ್ತಿಗೆ ಮುಟ್ಟಿದರು ಅಂತ ಆಮೇಲೆ ತಿಳಿದು ಎಲ್ಲರಿಗೂ ಸಮಾಧಾನ ಆಯಿತು. ಕಾರು ನಿಲ್ಲಿಸುವಾಗ ನನ್ನ ಪಕ್ಕದವರು ಅಂದುಕೊಂಡಿದ್ದು ಇಷ್ಟೇ ಅಂತೆ: ಎರಡೇ ನಿಮಿಷ, ಅಕ್ಷತೆ ಹಾಕಿ ಬಂದು ಸರಿಯಾಗಿ ನಿಲ್ಲಿಸುತ್ತೇನೆ.

ಗಾಜಿನ ಮೇಲೆ ಫೋನ್ ನಂಬರ್ ಬರೆದಿಡಿ ಅಂತ ಎಲ್ಲರೂ ಹೇಳುತ್ತಾರೆ. ಶಿವಮೊಗ್ಗ ಪೇಟೆಯಲ್ಲಿ ಅದು ಸರಿ. ನಮ್ಮ ಎಷ್ಟೋ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಅದಕ್ಕೇ ನಾನು ಚೀಟಿಯಲ್ಲಿ ನಂಬರಿನ ಜೊತೆ ಯಾರ ಮನೆಗೆ ಬಂದಿದ್ದೇನೆ ಅಂತಲೂ ಬರೆದಿಡುತ್ತೇನೆ. ಯಾರಾದರೂ ಒಂದು ಮಗುವನ್ನು ಕಳಿಸಿದರೂ ಸಾಕು, ನಾನು ಸಿಗುತ್ತೇನೆ.

ಇನ್ನು ಆಗುಂಬೆ ಘಾಟಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯಲು 14 ಹೇರ್‌ಪಿನ್ ತಿರುವುಗಳು. ಬಸ್ಸು ತಿರುಗಬೇಕಾದರೆ ಇಡೀ ರಸ್ತೆ ಬೇಕು. ಒಮ್ಮೆ ನಾವು ಬಸ್ಸಿನಲ್ಲಿ ಹತ್ತಿ ಬರುತ್ತಿದ್ದೆವು. ತಿರುವಿನಲ್ಲೇ ಒಂದು ಕಾರು ನಿಂತಿದೆ. ಮಂಗಗಳಿಗೆ ಚಿಪ್ಸ್ ಹಾಕಲು ಇಳಿದಿದ್ದಾರೆ. ಬಾಗಿಲು ತೆರೆದೇ ಇತ್ತು. ಒಂದು ದೊಡ್ಡ ಮಂಗ ಡ್ರೈವರ್ ಸೀಟಿನಲ್ಲಿ ಕೂತು ಇಡೀ ಪ್ಯಾಕೆಟ್ ಖಾಲಿ ಮಾಡುತ್ತಿತ್ತು. ಕಾರಿನವರು ಹೊರಗೆ, ಮಂಗ ಒಳಗೆ. ಮಕ್ಕಳಂತೂ ಕಿಟಕಿಯಿಂದ ನೋಡಿ ನೋಡಿ ನಕ್ಕರು.

ಕಂಡಕ್ಟರ್ ಇಳಿದು ಕೋಲು ತಟ್ಟಿ ಮಂಗವನ್ನು ಓಡಿಸಿದರು. ಆಮೇಲೆ ನೋಡಿದರೆ, ಕಾರಿನವರಿಗೆ ಘಾಟಿಯಲ್ಲಿ ಹಿಂದಕ್ಕೆ ತೆಗೆಯಲು ಧೈರ್ಯ ಇಲ್ಲ. ಕೈ ನಡುಗುತ್ತಿತ್ತು. ನಮ್ಮ ಬಸ್ಸಿನ ಡ್ರೈವರ್ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿಸಿ, ತಾವೇ ಹೋಗಿ ಕಾರನ್ನು ಹಿಂದಕ್ಕೆ ತೆಗೆದು ಬದಿಗೆ ನಿಲ್ಲಿಸಿ ಬಂದರು. ಒಂದು ಮಾತು ಬೈಯಲಿಲ್ಲ. "ಹತ್ತುವ ಗಾಡಿಗೆ ದಾರಿ ಬಿಡಬೇಕು ಸರ್, ಏರಲ್ಲಿ ನಿಂತರೆ ನಮಗೆ ಮತ್ತೆ ಎತ್ತುವುದು ಕಷ್ಟ" ಅಂದರು ಅಷ್ಟೇ. ಅದು ಬರೀ ಘಟ್ಟದವರ ಪದ್ಧತಿ ಅಲ್ಲ. 1989ರ ರಸ್ತೆ ನಿಯಮಗಳಲ್ಲೂ ಇತ್ತು, 2017ರ ಚಾಲನಾ ನಿಯಮಗಳಲ್ಲೂ ಇದೆ. ಕಿರಿದಾದ, ಕಡಿದಾದ ರಸ್ತೆಯಲ್ಲಿ ಇಳಿಯುವವರು ನಿಲ್ಲಬೇಕು, ಹತ್ತುವವರು ಹೋಗಬೇಕು. ಇಳಿಜಾರಿನಲ್ಲಿ ನಿಂತ ತುಂಬಿದ ಬಸ್ಸು ಮತ್ತೆ ಹೊರಡುವಾಗ ಹಿಂದಕ್ಕೆ ಜಾರಬಹುದು. ಹಿಂದೆ ಇನ್ನೊಂದು ಗಾಡಿ ಇದ್ದರೆ ಯೋಚನೆ ಮಾಡಿ.

ಹೊರಡುವ ಮೊದಲು ಕಂಡಕ್ಟರ್ ಆ ಕಲ್ಲನ್ನು ಎತ್ತಿ ಬದಿಗೆ ಹಾಕಿದ್ದನ್ನು ನಾನು ನೋಡಿದೆ. ಇದನ್ನು ಬಿಡಿಸಿ ಹೇಳಲೇಬೇಕು. ನಮ್ಮ ಕಡೆ ಲಾರಿ ಕೆಟ್ಟರೆ ಚಕ್ರಕ್ಕೆ ಕಲ್ಲು ಕೊಡುತ್ತಾರೆ, ಹಿಂದೆ ಸ್ವಲ್ಪ ದೂರದಲ್ಲಿ ಮರದ ಹಸಿ ಸೊಪ್ಪು ಮುರಿದು ರಸ್ತೆಗೆ ಹಾಕುತ್ತಾರೆ. ತಿರುವು ದಾಟುವ ಮೊದಲೇ ಸೊಪ್ಪು ಕಂಡರೆ ಮುಂದೆ ಏನೋ ನಿಂತಿದೆ ಅಂತ ಅರ್ಥ. ತುಂಬಾ ಒಳ್ಳೆಯ ಅಭ್ಯಾಸ. ಆದರೆ ಲಾರಿ ರಿಪೇರಿ ಆಗಿ ಹೋದ ಮೇಲೂ ಕಲ್ಲು ಅಲ್ಲೇ ಉಳಿದರೆ? ಮಳೆಗಾಲದ ರಾತ್ರಿ, ಮಂಜು, ಎದುರಿಂದ ಲೈಟು. ಬೈಕಿನವನಿಗೆ ಆ ಕಲ್ಲು ಕಾಣುವುದೇ ಇಲ್ಲ. ನಮ್ಮ ಅಪ್ಪ ದಾರಿಯಲ್ಲಿ ಇಂಥ ಕಲ್ಲು ಕಂಡರೆ ಸ್ಕೂಟರ್ ನಿಲ್ಲಿಸಿ ಇಳಿದು ಚರಂಡಿಗೆ ಉರುಳಿಸಿಯೇ ಮುಂದೆ ಹೋಗುತ್ತಿದ್ದರು. ಶಾಲೆಗೆ ತಡವಾಗುತ್ತದೆ ಅಂತ ಹಿಂದೆ ಕೂತು ನಾನು ಗೊಣಗುತ್ತಿದ್ದೆ. ಈಗ ನಾನೂ ಇಳಿಯುತ್ತೇನೆ.

ಕೊನೆಗೆ ನನಗೆ ಬಹಳ ಇಷ್ಟದ ಕಥೆ. ಹೊಸನಗರದ ಹತ್ತಿರ ನಮ್ಮ ಮಾವನ ಮನೆ. ಅಡಿಕೆ ಕೊಯ್ಲಿನ ಕಾಲ. ಬೆಂಗಳೂರಿನಿಂದ ಅವರ ಸ್ನೇಹಿತರೊಬ್ಬರು ರಾತ್ರಿ ಹತ್ತು ಗಂಟೆಗೆ ಬಂದರು. ಅಷ್ಟು ದೊಡ್ಡ ಸಮತಟ್ಟಾದ ಅಂಗಳ ನೋಡಿ ಖುಷಿಯಾಗಿ ಸರಿಯಾಗಿ ಮಧ್ಯದಲ್ಲಿ ಕಾರು ನಿಲ್ಲಿಸಿ ಮಲಗಿದರು. ಬೆಳಿಗ್ಗೆ ಬಿಸಿಲು ಬಿತ್ತು. ಬೇಯಿಸಿದ ಅಡಿಕೆ ಹರವಬೇಕು. ಒಂದು ದಿನದ ಬಿಸಿಲು ತಪ್ಪಿದರೂ ಅಡಿಕೆಗೆ ಬೂಸ್ಟು ಹಿಡಿಯುವ ಭಯ. ಆದರೆ ದೂರದಿಂದ ಬಂದವರನ್ನು ಎಬ್ಬಿಸುವುದು ಹೇಗೆ? ಅತ್ತೆ ಬಿಲ್ಕುಲ್ ಬೇಡ ಅಂದರು. ಸರಿ, ಆಳುಗಳು ಕಾರಿನ ಸುತ್ತಲೇ ಹರವಿದರು.

ಒಂಬತ್ತು ಗಂಟೆಗೆ ಅವರು ಎದ್ದು ಜಗಲಿಗೆ ಬಂದರು. ಕೆಂಪು ಅಡಿಕೆಯ ನಡುವೆ ಅವರ ಕಾರು ದ್ವೀಪದ ಹಾಗೆ ನಿಂತಿತ್ತು. ಜೋಗಕ್ಕೆ ಹೋಗಬೇಕು ಅಂತ ಸ್ನಾನ ಮುಗಿಸಿ ತಯಾರಾದವರು. ಮಾವ ಅಡಿಕೆ ಸರಿಸಲು ಹೊರಟರೂ ಅವರೇ ಬೇಡ ಅಂತ ತಡೆದರು. ಸಂಜೆ ಅಡಿಕೆ ಒಟ್ಟು ಮಾಡುವವರೆಗೂ ಜಗಲಿಯಲ್ಲೇ ಕೂತರು. ಮಧ್ಯಾಹ್ನ ಕಳಲೆ (ಎಳೆ ಬಿದಿರು) ಪಲ್ಯ, ಅಕ್ಕಿ ರೊಟ್ಟಿ. ಸಂಜೆ ಅವರೂ ಅಂಗಳಕ್ಕಿಳಿದು ಅಡಿಕೆ ಬಾಚಿದರು. ಕತ್ತಲಾದ ಮೇಲೆ ಕಾರನ್ನು ಕೊಟ್ಟಿಗೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಇನ್ನೊಂದು ದಿನ ಇದ್ದು ಹೋದರು. ಈಗ ಪ್ರತಿ ವರ್ಷ ಕೊಯ್ಲಿನ ಹೊತ್ತಿಗೇ ಬರುತ್ತಾರೆ.