ಆಸೆ ಬಿಟ್ಟರೆ ದುಃಖ ಹೋಗುತ್ತಾ?

'ಆಸೆಯೇ ದುಃಖಕ್ಕೆ ಮೂಲ ಅಂತ ಚಿಕ್ಕಂದಿನಿಂದ ಕೇಳುತ್ತಿದ್ದೇನೆ, ಮನುಷ್ಯರ ಎಲ್ಲ ನರಳಾಟಕ್ಕೂ ಅದೊಂದೇ ಕಾರಣವಾ, ಹಾಗಿದ್ದರೆ ಆಸೆ ಬಿಡುವುದು ಹೇಗೆ' ಎಂದು ಕೇಳಿದ್ದೀರಿ.

ಅದೊಂದೇ ಕಾರಣ ಅಲ್ಲ. ಆ ಮಾತು ಅರ್ಧ ನಿಜ. ತೊಂದರೆ ಏನೆಂದರೆ ನಾವು ಅದನ್ನು ಯಾರಿಗೆ ಹೇಳಬಾರದೋ ಅವರಿಗೇ ಜಾಸ್ತಿ ಹೇಳುತ್ತೇವೆ.

ಮೊದಲು ಮನಸ್ಸಿಗೆ ಸಂಬಂಧವೇ ಇಲ್ಲದ ದುಃಖದಿಂದ ಶುರು ಮಾಡುತ್ತೇನೆ. 1800ರ ಹೊತ್ತಿಗೆ ಲೋಕದಲ್ಲಿ ಹುಟ್ಟಿದ ಹತ್ತು ಮಕ್ಕಳಲ್ಲಿ ಸುಮಾರು ನಾಲ್ಕು ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಈಗ ಆ ಲೆಕ್ಕ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಅಷ್ಟು ತಾಯಂದಿರ ಗೋಳು ತಪ್ಪಿದ್ದು ಅವರು ಆಸೆ ಬಿಟ್ಟದ್ದರಿಂದಲ್ಲ. ಲಸಿಕೆ ಬಂತು, ಶುದ್ಧ ನೀರು ಬಂತು, ಹೆರಿಗೆ ಮಾಡಿಸುವವರು ಕೈ ತೊಳೆದುಕೊಳ್ಳುವುದನ್ನು ಕಲಿತರು. ಸಿಡುಬು ತೊಲಗಿದೆ ಎಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಸಾವಿರಾರು ವರ್ಷ ಮನುಷ್ಯರನ್ನು ಕಾಡಿದ್ದ ದುಃಖ ಅದು. ಯಾರ ಮನಸ್ಸೂ ಬದಲಾಗದೇ ಅದು ಹೋಯಿತು.

ಹಸಿವೂ ಅಷ್ಟೇ. 1943ರ ಬಂಗಾಳದ ಕ್ಷಾಮದಲ್ಲಿ ಸತ್ತವರು ಸುಮಾರು 30 ಲಕ್ಷ ಎನ್ನುತ್ತಾರೆ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಆ ಕ್ಷಾಮದ ಲೆಕ್ಕಗಳನ್ನು ಕೆದಕಿ ನೋಡಿ ಹೇಳಿದ್ದೇನು ಗೊತ್ತಾ? ಧಾನ್ಯ ಇರಲಿಲ್ಲ ಅನ್ನುವುದು ಮುಖ್ಯ ಕಾರಣವಲ್ಲ, ಇದ್ದದ್ದನ್ನು ಕೊಳ್ಳುವ ಶಕ್ತಿ ಕೂಲಿಯವರ ಕೈಯಲ್ಲಿ ಉಳಿದಿರಲಿಲ್ಲ. ಯುದ್ಧದ ಕಾಲದ ಬೆಲೆ, ದಾಸ್ತಾನು, ಸರ್ಕಾರದ ತೀರ್ಮಾನಗಳು, ಎಲ್ಲವೂ ಸೇರಿ ಆದ ಸಾವುಗಳು. ಅಲ್ಲಿ ಸತ್ತವರ ದುಃಖದ ಮೂಲ ಅವರ ಆಸೆಯಲ್ಲಿ ಇತ್ತು ಅನ್ನುವುದಕ್ಕೆ ಬಾಯಿ ಬರುತ್ತದಾ? ಹಸಿದವನಿಗೆ, ಮನೆಯಲ್ಲಿ ಏಟು ತಿನ್ನುವವಳಿಗೆ, ಸಂಬಳ ಸಿಗದವನಿಗೆ 'ಆಸೆ ಕಡಿಮೆ ಮಾಡಿಕೋ' ಅನ್ನುವುದು ಉಪದೇಶವೇ ಅಲ್ಲ. ಅದರಿಂದ ಅನುಕೂಲ ಆಗುವುದು ಮೇಲೆ ಕೂತವರಿಗೆ ಮಾತ್ರ. ಈ ವಿಷಯ ಬಂದಾಗ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಅದಕ್ಕೇ ಇಷ್ಟು ಉದ್ದ ಬರೆದೆ.

ಇನ್ನು ಉಳಿದರ್ಧ. ಊಟ, ಮನೆ, ಆರೋಗ್ಯ ಎಲ್ಲ ಇದ್ದೂ ರಾತ್ರಿ ನಿದ್ದೆ ಬರದವರ ದುಃಖ.

ಇಲ್ಲಿ ನೋವು ಬೇರೆ, ನರಳಾಟ ಬೇರೆ. ನೋವು ನಮ್ಮ ಶತ್ರುವಲ್ಲ. ಹುಟ್ಟಿನಿಂದಲೇ ನೋವೇ ಗೊತ್ತಾಗದ ಕೆಲವರಿದ್ದಾರೆ. ಕೇಳಲು ವರ ಇದ್ದ ಹಾಗಿದೆ, ಅಲ್ವಾ? ಆದರೆ ಆ ಮಕ್ಕಳು ತಮ್ಮ ನಾಲಿಗೆಯನ್ನೇ ಕಚ್ಚಿಕೊಂಡಿರುತ್ತಾರೆ, ಮೂಳೆ ಮುರಿದರೂ ಓಡಾಡುತ್ತಿರುತ್ತಾರೆ. ಇದಕ್ಕೆ ಕಾರಣವಾದ ಒಂದು ಜೀನ್ ಅನ್ನು ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದರು. ಆ ಹುಡುಕಾಟ ಶುರುವಾದದ್ದು ಉತ್ತರ ಪಾಕಿಸ್ತಾನದ ಒಬ್ಬ ಹುಡುಗನಿಂದ. ಬೀದಿಯಲ್ಲಿ ಜನರ ಮುಂದೆ ತೋಳಿಗೆ ಚಾಕು ಚುಚ್ಚಿಕೊಂಡು ತೋರಿಸುತ್ತಿದ್ದವನು ಅವನು. ಹದಿನಾಲ್ಕು ತುಂಬುವ ಮೊದಲೇ ಮನೆಯ ಚಾವಣಿಯಿಂದ ಹಾರಿ ತೀರಿಕೊಂಡ. 'ಬೇಡ, ಪೆಟ್ಟಾಗುತ್ತೆ' ಅನ್ನುವ ಮಾತು ಅವನ ಮೈ ಅವನಿಗೆ ಎಂದೂ ಹೇಳಿರಲಿಲ್ಲ.

ನರಳಾಟ ಅನ್ನುವುದು ನೋವಿಗೆ ನಾವು ಕೊಡುವ ಅರ್ಥದಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಎಂಬ ವೈದ್ಯ ಕೆಟ್ಟದಾಗಿ ಗಾಯಗೊಂಡ ಸೈನಿಕರನ್ನು 'ನೋವಿಗೆ ಔಷಧಿ ಬೇಕಾ' ಎಂದು ಕೇಳುತ್ತಾ ಹೋದ. ಬೇಕು ಎಂದವರು ನಾಲ್ಕರಲ್ಲಿ ಒಬ್ಬರಷ್ಟೇ. ಅವರ ಮೈ ಮರಗಟ್ಟಿರಲಿಲ್ಲ, ಸೂಜಿಯನ್ನು ಸರಿಯಾಗಿ ಚುಚ್ಚದಿದ್ದರೆ ಅವರೂ ಎಲ್ಲರಂತೆ ಬೈಯುತ್ತಿದ್ದರು. 1946ರಲ್ಲಿ ಇದನ್ನು ಬರೆದ ಬೀಚರ್ ಕೊಟ್ಟ ವಿವರಣೆ ಸರಳ: ಸೈನಿಕನಿಗೆ ಆ ಗಾಯ ಎಂದರೆ ಯುದ್ಧ ಮುಗಿಯಿತು, ಬದುಕಿದೆ ಎಂದು. ರಸ್ತೆಯಲ್ಲಿ ಗಾಡಿ ಗುದ್ದಿದವನಿಗೆ ಅಂಥದೇ ಗಾಯ ಆದರೆ? ಅವನಿಗೆ ಕಷ್ಟ ಶುರುವಾಗುವುದೇ ಆಗ. ಕೆಲಸ ಏನಾಗುತ್ತೋ, ಸಾಲ ಯಾರು ಕಟ್ಟುತ್ತಾರೋ, ನನಗೇ ಯಾಕೆ ಹೀಗಾಯಿತು.

ಬುದ್ಧ ಇದನ್ನೇ ಎರಡು ಬಾಣ ಎಂದ. ಒಂದು ಬಾಣ ಹೊರಗಿನಿಂದ ಬಂದು ನಾಟುತ್ತದೆ, ಅದು ಯಾರಿಗೂ ತಪ್ಪಿದ್ದಲ್ಲ. ಎರಡನೆಯದು ಮನಸ್ಸಿಗೆ ತಗಲುವ ಬಾಣ, ಅದನ್ನು ಹೊಡೆದುಕೊಳ್ಳುವವರು ನಾವೇ.

ನನ್ನದೇ ಹೇಳುತ್ತೇನೆ. ಆರು ವರ್ಷದ ಹಿಂದೆ ನನ್ನ ಕೆಲಸ ಹೋಯಿತು. ಎರಡು ವಾರದ ಹಿಂದಷ್ಟೇ ಬೆನ್ನು ತಟ್ಟಿದ್ದ ಮ್ಯಾನೇಜರ್, ಹತ್ತು ನಿಮಿಷದ ಮೀಟಿಂಗಿನಲ್ಲಿ ನನ್ನ ಮುಖವನ್ನೂ ನೋಡದೆ ಮುಗಿಸಿಬಿಟ್ಟರು. ಸಂಬಳ ನಿಂತದ್ದು ಮೊದಲನೇ ಬಾಣ. ಅದು ನಿಜವಾದ ಕಷ್ಟ, ಅದಕ್ಕೆ ಉಪಾಯವೂ ಇತ್ತು, ಐದು ತಿಂಗಳಿಗೆ ಬೇರೆ ಕೆಲಸ ಸಿಕ್ಕಿತು, ಮೊದಲಿಗಿಂತ ಒಳ್ಳೆಯದೇ. ಆದರೆ ಸ್ನಾನದ ಮನೆಯಲ್ಲಿ ಆ ಮ್ಯಾನೇಜರ್ ಜೊತೆ ನಾನು ಆಡಿದ ಜಗಳಗಳಿಗೆ ಲೆಕ್ಕವಿಲ್ಲ. ನಾನು ಒಂದು ಹೇಳುವುದು, ಅವರು ತಡವರಿಸುವುದು, ನಾನು ಇನ್ನೂ ಚುರುಕಾದ ಮಾತೊಂದನ್ನು ಹುಡುಕುವುದು. ಆ ಐದು ತಿಂಗಳ ಹಣದ ಬಿಕ್ಕಟ್ಟು ಈಗ ಸರಿಯಾಗಿ ನೆನಪಿಗೂ ಬರುವುದಿಲ್ಲ, ಜಗಳ ಮಾತ್ರ ಪದಪದ ನೆನಪಿದೆ, ಅದೂ ಎಂದೂ ನಡೆಯದೇ ಇದ್ದ ಜಗಳ!

ಮನಸ್ಸು ಹೀಗೆ ಇಲ್ಲದ ಕಡೆ ಹೋಗುವುದು ನನ್ನೊಬ್ಬನ ರೋಗವಲ್ಲ. 2010ರಲ್ಲಿ ಹಾರ್ವರ್ಡ್‌ನ ಇಬ್ಬರು ಸಂಶೋಧಕರು 2250 ಜನರ ಫೋನಿಗೆ ದಿನದ ಯಾವುದೋ ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ಸಂದೇಶ ಕಳಿಸಿ 'ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಹೇಗನ್ನಿಸುತ್ತಿದೆ' ಎಂದು ಕೇಳಿದರು. ಕೇಳಿದ ನೂರರಲ್ಲಿ 47 ಸಲ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲೇ ಇಲ್ಲ. ಅಲೆಯುತ್ತಿದ್ದಾಗ ಜನ ಒಟ್ಟಾರೆ ಕಡಿಮೆ ಖುಷಿಯಲ್ಲಿದ್ದರು. ಸಂತೋಷದ ವಿಷಯವನ್ನೇ ನೆನೆಯುತ್ತಿದ್ದರೂ ಸುಮ್ನೆ ಕೈಯಲ್ಲಿರುವ ಕೆಲಸ ಮಾಡುತ್ತಿದ್ದವರಿಗಿಂತ ಹೆಚ್ಚು ಖುಷಿಯಾಗೇನೂ ಇರಲಿಲ್ಲ.

ಹಾಗಾದರೆ ಆಸೆಯ ಕಥೆ ಏನು? ಬುದ್ಧ ಬಳಸಿದ ಪಾಲಿ ಮಾತು ತಣ್ಹಾ. ಅಂದರೆ ಬಾಯಾರಿಕೆ, ದಾಹ. ಆಸೆ ಅನ್ನುವುದು ಅದಕ್ಕೆ ತೀರಾ ಮೆತ್ತಗಿನ ಮಾತು. ಮಗಳು ಚೆನ್ನಾಗಿ ಓದಲಿ ಎನ್ನುವುದೂ ಆಸೆ, ಊರು ನೋಡಬೇಕು ಎನ್ನುವುದೂ ಆಸೆ, ಅವು ಯಾರನ್ನೂ ಸುಡುವುದಿಲ್ಲ. ಇನ್ನೂ ಮುಖ್ಯವಾದದ್ದು, ಆತ ಹೇಳಿದ ದಾಹ ಮೂರು ಬಗೆ: ಸುಖ ಬೇಕು ಅನ್ನುವುದು, ಏನೋ ಆಗಬೇಕು ಅನ್ನುವುದು, ಮತ್ತು ಇದು ಇರಲೇಬಾರದು ಅನ್ನುವುದು. ಮೂರನೆಯದನ್ನು ನಾವು ಮರೆತೇ ಬಿಡುತ್ತೇವೆ. ನನ್ನ ಸ್ನಾನದ ಮನೆಯ ಜಗಳದಲ್ಲಿ ನನಗೆ ಏನೂ ಬೇಕಾಗಿರಲಿಲ್ಲ, ಆ ಕೆಲಸ ವಾಪಸ್ ಕೊಟ್ಟಿದ್ದರೂ ಹೋಗುತ್ತಿರಲಿಲ್ಲ. ಹಾಗಾಗಬಾರದಿತ್ತು, ಅಷ್ಟೇ. ಆಗಿಹೋದದ್ದು ಆಗದೇ ಇರಬೇಕಿತ್ತು ಎಂದು ಹಟ ಹಿಡಿದವನಿಗೆ ಆಸೆ ಬಿಡು ಎಂದರೆ 'ನನಗೆ ಯಾವ ಆಸೆಯೂ ಇಲ್ಲವಲ್ಲ' ಅಂತಾನೆ, ಸುಳ್ಳೇನೂ ಹೇಳುತ್ತಿಲ್ಲ ಪಾಪ.

ಹಣ ಬಂದರೂ ಸುಖ ಇಲ್ಲ ಎನ್ನುವುದಕ್ಕೆ ಲಾಟರಿ ಗೆದ್ದವರ ಬಗ್ಗೆ 1978ರ ಒಂದು ಅಧ್ಯಯನವನ್ನು ಎಲ್ಲರೂ ಎತ್ತಿ ತೋರಿಸುತ್ತಾರೆ. ಅದರಲ್ಲಿ ಇದ್ದ ವಿಜೇತರು 22 ಜನ! ಆಮೇಲೆ ಸ್ವೀಡನ್‌ನಲ್ಲಿ ಸಾವಿರಾರು ಜನರನ್ನು ನೋಡಿದಾಗ, ದೊಡ್ಡ ಮೊತ್ತ ಗೆದ್ದವರಲ್ಲಿ ಬದುಕಿನ ಬಗೆಗಿನ ತೃಪ್ತಿ ಹೆಚ್ಚಿತ್ತು, ಹತ್ತು ವರ್ಷ ಕಳೆದರೂ ಇಳಿದಿರಲಿಲ್ಲ. ಹಣದಿಂದ ಹೋಗುವ ದುಃಖವೂ ಇದೆ ಸ್ವಾಮಿ, ಅದನ್ನು ಒಪ್ಪಿಕೊಳ್ಳೋಣ.

ಬಿಡುವುದು ಹೇಗೆ ಎಂದಿರಿ. ನಾನು ಬಿಟ್ಟವನಲ್ಲ, ಹಾಗಾಗಿ ದಾರಿ ತೋರಿಸುವ ಯೋಗ್ಯತೆ ಇಲ್ಲ. ಸಂಕಟ ಆದಾಗ ಇದಕ್ಕೆ ಹೊರಗೆ ಏನಾದರೂ ಮಾಡಬಹುದಾ ಎಂದು ಮೊದಲು ನೋಡುತ್ತೇನೆ. ಮಾಡಬಹುದಾದರೆ ಧ್ಯಾನ ಮಾಡುತ್ತಾ ಕೂರುವುದಿಲ್ಲ, ಡಾಕ್ಟರ ಹತ್ತಿರ ಹೋಗುತ್ತೇನೆ, ಅರ್ಜಿ ಹಾಕುತ್ತೇನೆ, ಬೇಕಾದರೆ ಜಗಳವನ್ನೇ ಆಡುತ್ತೇನೆ. ಏನೂ ಇಲ್ಲ, ಮುಗಿದುಹೋದ ಕಥೆ ಎಂದು ಗೊತ್ತಾದರೆ, 'ಓ, ಎರಡನೇ ಬಾಣ' ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಅದರಿಂದ ಬಾಣವೇನೂ ಉದುರುವುದಿಲ್ಲ, ಒಂದು ಗಂಟೆಯ ಜಗಳ ಹತ್ತು ನಿಮಿಷಕ್ಕೆ ಇಳಿಯುತ್ತದೆ. ಕಳೆದ ವಾರವೂ ತಲೆಗೆ ನೀರು ಹಾಕಿಕೊಳ್ಳುವಾಗ ಮ್ಯಾನೇಜರ್ ಬಂದಿದ್ದರು. ಎಂದಿನಂತೆ ನಾನೇ ಗೆದ್ದೆ.